ಮಿಲ್ಲಿನ ಹೆಸರಿನ ಸೊಸೆ

ಮದುವೆಯ ದಿನ ಐಶ್ವರ್ಯಳ ಹೆಸರನ್ನು ಕಿತ್ತುಕೊಂಡರು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಗಂಡ ಬಸವಲಿಂಗ ಉಂಗುರದಿಂದ ‘ಸುನಂದಾ’ ಎಂದು ಬರೆದ. ಮಂದಿ ಅಕ್ಷತೆ ಹಾಕಿದರು. ಊಟಕ್ಕೆ ಹೋದರು.

ಮಾನ್ವಿಯ ಆ ಮನೆಯ ಪದ್ಧತಿಯೇ ಹಾಗೆ. ಅವರ ಅಕ್ಕಿ ಮಿಲ್ಲಿನ ಹೆಸರು ಸುನಂದಾ. ಅದು ಮಾವ ಗಡಿಗೆಪ್ಪನ ಅಜ್ಜಿಯದು. ಮನೆಗೆ ಬರುವ ಹಿರಿಸೊಸೆ ಸುನಂದಾ ಆಗಲೇಬೇಕು. ಬೋರ್ಡು ಬದಲಿಸುವುದಕ್ಕಿಂತ ಸೊಸೆಯ ಹೆಸರು ಬದಲಿಸುವುದು ಅಗ್ಗ.

ಈಗ ಅದೇ ಮನೆಯ ಪಡಸಾಲೆಯಲ್ಲಿ ಕಳ್ಳತನದ ವಿಚಾರಣೆ ನಡೆದಿತ್ತು. ಕಳುವಾದದ್ದು ಮಿಲ್ಲಿನ ಹೆಸರು.

ದುಬೈಯ ವ್ಯಾಪಾರಿಯೊಬ್ಬ ಇವರ ಅಕ್ಕಿಯನ್ನು ಒಪ್ಪಿದ್ದ. ಹಣವನ್ನು ಬ್ಯಾಂಕಿನ ಬದಲು ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಜಾಲದ ಮೂಲಕ ಕಳಿಸುವ ಗಿರಾಕಿ. ಅಲ್ಲಿ ಖಾತೆಯ ವಿಳಾಸ ಎಂದರೆ ಕೋಳಿ ಕೆದರಿದಂತಹ ಉದ್ದನೆಯ ಅಂಕಿ, ಅಕ್ಷರ. ಅದರ ಬದಲು ಮನುಷ್ಯರು ಓದಬಹುದಾದ ಒಂದು ಹೆಸರು ನೋಂದಾಯಿಸಿಕೊಂಡರೆ ಆ ಹೆಸರೇ ವಿಳಾಸವಾಗುತ್ತದೆ. ಗಡಿಗೆಪ್ಪ ‘ಮಾನ್ವಿ ಸುನಂದಾ’ ಎಂದು ಚೀಲಗಳ ಮೇಲೆ ಮೊದಲೇ ಅಚ್ಚು ಹಾಕಿಸಿಬಿಟ್ಟ. ತನ್ನ ಮನೆಯ ಹೆಸರು, ಎಲ್ಲಿಗೆ ಹೋದೀತು? ನೋಂದಾಯಿಸಲು ಹೋದರೆ ಯಾರೋ ಆಗಲೇ ಅದನ್ನು ತೆಗೆದುಕೊಂಡಿದ್ದರು.

ರಾಯಚೂರಿನಿಂದ ಕಂಪ್ಯೂಟರ್ ಅಂಗಡಿಯ ಸಲಾವುದ್ದೀನನನ್ನು ಕರೆಸಲಾಯಿತು.

“ಯಾವ ಸಾಹೇಬ್ರನ್ನ ನೋಡಬೇಕಪ್ಪಾ ಇದಕ್ಕ?” ಗಡಿಗೆಪ್ಪ ಕೇಳಿದ.

“ಇದಕ್ಕ ಸಾಹೇಬ್ರು ಇಲ್ರಿ ಸಾವ್ಕಾರ್ರ.”

“ಕ್ಲರ್ಕ್ ಇರ್ತಾನಲ್ಲ?”

“ಅವನೂ ಇಲ್ರಿ.”

“ಜವಾನ?”

“ಯಾರಂದ್ರ ಯಾರೂ ಇಲ್ರಿ. ಮೊದಲ ಬಂದವ್ರಿಗೆ ಹೆಸರು. ಅವರ ಹತ್ರ ಗುಟ್ಟಿನ ಕೀಲಿಮಾತು ಇರ್ತಾವ. ಅವರಾಗೇ ಹೇಳಿದ್ರ ಉಂಟು. ಇಲ್ಲಂದ್ರ ಮಂತ್ರಿ ಬಂದು ನಿಂತ್ರೂ ಆ ಹೆಸರು ಅಳ್ಳಾಡಂಗಿಲ್ಲ.”

ಯಾರನ್ನಾದರೂ ‘ನೋಡಿ’ಯೇ ಕೆಲಸ ಮುಗಿಸಿ ಗೊತ್ತಿದ್ದ ಗಡಿಗೆಪ್ಪನಿಗೆ, ನೋಡಲು ಯಾರೂ ಇಲ್ಲದ ಜಗತ್ತು ಮೊದಲ ಸಲ ಎದುರಾಗಿತ್ತು. ಫ್ಯಾನಿನ ಕೆಳಗೆ ಕೂತೇ ಬೆವರಿದ.

“ಹೆಸರಿನ ಮುದ್ದತು ಮುಗಿಯೋತನ ಕಾಯೋಣೇನು?” ಎಂದ ಬಸವಲಿಂಗ.

“ಅಷ್ಟೊತ್ತಿಗೆ ನಿಮಗ ಹುಟ್ಟೋ ಮಗನ ಮದುವಿ ಆಗಿರ್ತದ ರೀ ಅಣ್ಣಾರ. ಮುಂದಿನ ಮೂವತ್ತು ವರ್ಷದ ಫೀ ಎಲ್ಲಾ ಈಗ್ಲೇ ಕಟ್ಟಿ ಕುಂತಾರ.”

ಎಲ್ಲರ ಕಣ್ಣೂ ಸೊಸೆಯ ಕಡೆ ಹೊರಳಿದವು. ಹೊರಳದೆ ಏನು? ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದದ್ದು ಅವಳ ಹತ್ತಿರ ಮಾತ್ರ. ಬಂದ ಹೊಸದರಲ್ಲೇ ‘ರಾಯಚೂರು ಐಶ್ವರ್ಯ’ ಎಂಬ ಹೆಸರನ್ನು ಇದೇ ರೀತಿ ನೋಂದಾಯಿಸಿಕೊಂಡು, “ಇದನ್ನ ಯಾರ ಕೈಲೂ ಬದಲಿಸಾಕ ಆಗಂಗಿಲ್ಲ” ಎಂದು ಎಲ್ಲರೆದುರು ಹೇಳಿದವಳು. ಅವತ್ತು ಗಂಡಸರು ನಕ್ಕಿದ್ದರು. ಅತ್ತೆ ಮಾತ್ರ ಮುಖ ಬಿಗಿದುಕೊಂಡು ಒಳಗೆ ಹೋಗಿದ್ದಳು.

“ನೀ ತಗೊಂಡೀಯೇನು?” ಮಾವ ಕೇಳಿದ.

“ಇಲ್ರೀ ಮಾವಾರ.”

“ತಗೊಂಡವ್ರು ಯಾರಂತ ಗೊತ್ತೇನು?”

ಐಶ್ವರ್ಯ ಸುಳ್ಳು ಹೇಳಬಹುದಿತ್ತು. “ಗೊತ್ತದರೀ. ಅವರನ್ನ ಕೇಳದ ಹೇಳಂಗಿಲ್ಲ.”

“ನೋಡಿದ್ಯಾ ಬಾಯಿ!” ಗಡಿಗೆಪ್ಪ ತೊಡೆ ಬಡಿದುಕೊಂಡ. “ಮನಿ ಹೆಸರು ಕಬ್ಜಾ ಮಾಡಿ, ಮ್ಯಾಲ ಧಿಮಾಕು ಬ್ಯಾರೆ!”

“ಸುನಂದಾ, ಹಟ ಮಾಡಬ್ಯಾಡ,” ಎಂದ ಬಸವಲಿಂಗ.

“ನನ್ನ ಹೆಸರು ಐಶ್ವರ್ಯ ರೀ.”

ಸಲಾವುದ್ದೀನ್ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದ. ನಗುತ್ತಿದ್ದನೋ, ಕುಡಿಯುತ್ತಿದ್ದನೋ ತಿಳಿಯಲಿಲ್ಲ.

ಗಡಿಗೆಪ್ಪ ತೀರ್ಪು ಕೊಟ್ಟ. ಹೆಸರು ಮಿಲ್ಲಿಗೆ ಬರುವವರೆಗೆ ಸೊಸೆ ರಾಯಚೂರಿನ ತವರಲ್ಲಿರಬೇಕು. ಹೆಸರು ಬಂದರೆ ಸೊಸೆಯೂ ಬರಬಹುದು. ಬರದಿದ್ದರೆ ಎರಡೂ ಬೇಡ. ಐಶ್ವರ್ಯ ಗಂಡನ ಕಡೆ ನೋಡಿದಳು. ಅವನು ನೆಲದ ಟೈಲ್ಸಿನ ಹೂವನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದ.

ಗಡಿಗೆಪ್ಪ ಅಡುಗೆಮನೆಯ ಕಡೆ ಕೂಗಿದ. “ಏ! ಇಕಿ ಅರಿವಿ ಗಂಟು ಕಟ್ಟು. ಸಂಜಿ ಬಸ್ಸಿಗೆ ಕಳಸೋಣ.”

ಸೆರಗಿಗೆ ಕೈ ಒರೆಸುತ್ತ ಅತ್ತೆ ಹೊರಗೆ ಬಂದಳು.

“ನಾ ಕಟ್ಟಂಗಿಲ್ಲ.”

ಗಡಿಗೆಪ್ಪ ತನ್ನ ಕಿವಿಯನ್ನೇ ನಂಬಲಿಲ್ಲ. “ಏನಂದಿ?”

“ಕಟ್ಟೋದಿದ್ರ ನನ್ನ ಗಂಟು ಕಟ್ಟಬೇಕಾಗ್ತದ. ಹೆಸರು ತಗೊಂಡಾಕಿ ನಾನು. ಇಕಿ ಲ್ಯಾಪ್‌ಟಾಪಿನ ಮ್ಯಾಲ ಬೆರಳು ಆಡಿಸ್ಯಾಳ, ಅಷ್ಟ. ಕೀಲಿಮಾತು ಬಂದಾಗ ಮಾರಿ ತಿರುವಿದ್ಲು, ಇಕಿಗೂ ಗೊತ್ತಿಲ್ಲ. ದಿನಾ ಲಿಂಗಪೂಜಿಗೆ ಕುಂತಾಗ ಬಾಯಾಗ ಅಂದಕೊಂತೀನಿ.”

“ಯವ್ವಾ!” ಎಂದ ಬಸವಲಿಂಗ. ಹೆಂಡತಿ ಏನು ಮಂತ್ರ ಹೇಳುತ್ತಾಳೆಂದು ಗಡಿಗೆಪ್ಪ ಇಷ್ಟು ದಿನ ಕೇಳಿಯೇ ಇರಲಿಲ್ಲ.

“ನಿನಗ್ಯಾಕಬೇ ಹೆಸರು?” ಮಗ ಕೇಳಿದ.

“ದೇವದುರ್ಗದಿಂದ ಬರೋವಾಗ ನನಗೂ ಒಂದು ಹೆಸರಿತ್ತು. ಮಂಟಪದಾಗ ಕಸಗೊಂಡು ಸುನಂದಾ ಆಗು ಅಂದ್ರಿ. ಆದೆ. ಇಕಿ ಬಂದ ದಿನ ಅದನ್ನೂ ನನ್ನ ಮೈಯಿಂದ ಬಿಚ್ಚಿ ಇಕಿಗೆ ಉಡಿಸಿದ್ರಿ. ಅವತ್ತಿಂದ ನಾ ಬರೇ ‘ಏ’. ಅರ್ಧ ಆಯುಷ್ಯ ಉಟ್ಟ ಹೆಸರು, ಅದನ್ನರ ಇಟಗೊಂತೀನಿ ಅಂತ ಇಟಗೊಂಡೀನಿ.” ಆಕೆ ಸೊಸೆಯ ಪಕ್ಕದಲ್ಲಿ ಕೂತಳು. “ಮಿಲ್ಲಿಗೆ ಬೇಕಂದ್ರ ನನ್ನ ಹೆಸರಿನ ಕೆಳಗ ಒಂದು ಸಣ್ಣ ಹೆಸರು ಹುಟ್ಟಿಸಿ ಕೊಡಾಕ ಬರ್ತದಂತ. ನೀಟಾಗಿ ಕೇಳಿಕೊಂಡ್ರ ವಿಚಾರ ಮಾಡ್ತೀನಿ.”

“ಸಣ್ಣದು ಯಾವನಿಗೆ ಬೇಕು? ಕೀಲಿಮಾತು ಹೇಳ್ತೀಯೋ ಇಲ್ಲೋ?”

“ಹೇಳಂಗಿಲ್ಲ,” ಎಂದಳು, ದೇವದುರ್ಗದ ಸೂಗಮ್ಮ.