ಕೊಂಡಿಯ ವಾಸನೆ

ಗಂಡನ ಏಟಿಗೆ ಮುರಿದ ಹಲ್ಲನ್ನು ಉಗಿದು, ಕೇತಿ ಹೆಜ್ಜೇನಿನ ಕೊಂಡಿಗಳನ್ನು ಅರೆದು ಅವನ ಅಂಗಿಗೆ ತಿಕ್ಕಿದಳು. ಆ ವಾಸನೆ ಒಂದು ಹುಳುವಿನ ಮೀಸೆಗೆ ತಾಕಿದರೂ ಸಾಕು, ಇಡೀ ಗೂಡೇ ಮೇಲೆರಗುತ್ತದೆ.

"ಬಂಡೆ ಮೇಲೆ ಚಳಿ. ಹಾಕ್ಕೊಂಡು ಹೋಗು."

"ಇದೇನೇ ಇವತ್ತು, ಅಕ್ಕರೆ ಉಕ್ತಾ ಇದೆ?" ಎನ್ನುತ್ತ ಅವನು ಅಂಗಿ ತೊಟ್ಟು ಜೇನು ಇಳಿಸಲು ಹೊರಟ. ಅವನು ಬಂಡೆಯಿಂದ ಕೆಳಗೆ ಜೋತುಬೀಳುವ ಹಗ್ಗವನ್ನು ಮೇಲೆ ನಿಂತು ಹಿಡಿಯಲು, ರೂಢಿಯಂತೆ, ಕೇತಿಯ ಅಣ್ಣ ಜೊತೆಗೆ ಹೋದ. ತಂಗಿಯ ಗಂಡನನ್ನು ಅಣ್ಣನಾದವನು ಕೈಬಿಡಲಾರನೆಂಬ ನಂಬಿಕೆ.

ಸಂಜೆ ಅಂಗಳಕ್ಕೆ ಹೆಣ ಬಂತು. ಮುಖ ಗುರುತು ಸಿಗದಷ್ಟು ಊದಿತ್ತು. ಅಂಗಿ ಮಾತ್ರ ಅದೇ. ಕೇತಿ ಒಳಗೊಳಗೇ ನಗುತ್ತ ಎದೆ ಬಡಿದುಕೊಂಡಳು.

ಹಿಂದಿನಿಂದ ಗಂಡನ ದನಿ ಬಂತು: "ಚಳಿ ಅಂತ ನನ್ನಂಗಿ ಇಸ್ಕೊಂಡಿದ್ದ. ಅಷ್ಟೊಂದು ಹುಳ ಮುತ್ತಿದ್ರೂ, ನನ್ನನ್ನ ಮೇಲಕ್ಕೆಳೆಯೋ ತನಕ ನಿಮ್ಮಣ್ಣ ಹಗ್ಗ ಬಿಡ್ಲಿಲ್ಲ ಕಣೇ."