ಬೂದಿಯ ಬೆಲೆ

ಬೆಂಕಿ ತನಿಖೆಗೆ ಬಂದ ಅಧಿಕಾರಿ ತನ್ನ ಅಂಗಡಿಯ ಸುಟ್ಟ ವೈರುಗಳನ್ನು ನಾಯಿಯ ಹಾಗೆ ಮೂಸುವುದನ್ನು ಕಂಡು ಅಕ್ಕಸಾಲಿಗ ಒಳಗೊಳಗೇ ನಕ್ಕ. ಇಂಥ ಪೆದ್ದನಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತದೆ! ಹೊರಗೆ ಮೂರು ಮದುವೆ ಮನೆಯವರು ಎದೆ ಬಡಿದುಕೊಂಡು ಅಳುತ್ತಿದ್ದರು. ಅಳಲಿ.

"ಅವರು ಒಡವಿ ಮಾಡಾಕ ಕೊಟ್ಟಿದ್ದ ಎರಡು ಕಿಲೋ ಬಂಗಾರ ಸಾಹೇಬ್ರ, ಎಲ್ಲಾ ಕರಗಿ ಈ ಬೂದಿಯೊಳಗ ಕೂಡಿ ಹೋತು," ಎಂದು ಅವನು ಕಣ್ಣೊರೆಸಿಕೊಂಡ.

"ಪಾಪ. ವೈರಿನಿಂದಲೇ ಬೆಂಕಿ ಹತ್ತಿದೆ ಅಂತ ಬರೀತೀನಿ," ಎಂದು ಅಧಿಕಾರಿ ಪೆನ್ನು ತೆಗೆದ.

ಬೆಳಗಿನಿಂದ ಬಾಗಿಲಲ್ಲಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿ ಎದ್ದು ಬಂದಳು. ಚಿನ್ನದ ಅಂಗಡಿಗಳಲ್ಲಿ ಗುಡಿಸಿದ ಧೂಳನ್ನು ಕೊಂಡು, ತೊಳೆದು, ಅದರಲ್ಲಿ ಸಿಕ್ಕ ಬಂಗಾರದ ಕಣಗಳಿಂದ ಹೊಟ್ಟೆ ಹೊರೆಯುವವಳು. ಅವಳ ಕೆಸರು ಕೈ ಕಂಡರೇ ಅಕ್ಕಸಾಲಿಗನಿಗೆ ಹೇಸಿಗೆ.

"ಸಾವುಕಾರ್ರ, ಈ ಬೂದಿಗೆ ಎಷ್ಟು ಕೊಡಬೇಕ್ರಿ?"

ಬೂದಿಯೂ ಕಣ್ಮುಂದಿನಿಂದ ಹೋದರೆ ಒಳ್ಳೆಯದೇ ಎಂದುಕೊಂಡು ಅವನು ನೊಣ ಓಡಿಸುವ ಹಾಗೆ ಕೈ ಬೀಸಿದ.

"ನಿನ್ನ ಚಿಲ್ಲರ ರೊಕ್ಕ ಯಾರಿಗೆ ಬೇಕಬೇ? ಅಷ್ಟೂ ಪುಕ್ಕಟೆ ಬಳಕೊಂಡು ನಡಿ ಇಲ್ಲಿಂದ."

ಮುದುಕಿ ಬುಟ್ಟಿ ಕೆಳಗಿಡಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಧಿಕಾರಿಯ ಕಡೆ ತಿರುಗಿದಳು.

"ಇಪ್ಪತ್ತು ವರ್ಷ ಕಸಬರಿಗಿ ಧೂಳಿಗೂ ಒಂದು ರೂಪಾಯಿ ಬಿಡದ ಸಾವುಕಾರ್ರು, ಸಾಹೇಬ್ರ, ಎರಡು ಕಿಲೋ ಬಂಗಾರ ಕೂಡಿದ ಬೂದಿ ನನಗ ಪುಕ್ಕಟೆ ಕೊಡಾಕತ್ತಾರ್ರಿ."