ಡಾಕ್ಟರಿಗೆ ಬೇಜಾರಾಗಬಾರದು

“ನೋವು ಇಳಿಯಿತಾ ಅಮ್ಮ?” ಎಂದು ಡಾಕ್ಟರ್ ಬಗ್ಗಿ ಕೇಳಿದರು. “ಇಳೀತು ಸಾಮಿ, ಈಗ ಎಷ್ಟೋ ವಾಸಿ” ಎಂದು ಸಣ್ಣತಾಯಮ್ಮ ನಕ್ಕರು. ಸೆರಗಿನ ಮರೆಯಲ್ಲಿ ಅವರ ಕೈ ಮಾತ್ರ ಮಂಚದ ಕಂಬಿಯನ್ನು ಬಿಟ್ಟಿರಲಿಲ್ಲ.

ಪಕ್ಕೆಲುಬಿಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ಈಗ ಒಂದು ನರದ ಬಳಿ ಕೊಟ್ಟಿದ್ದು ಬರೀ ಪರೀಕ್ಷೆಯ ಇಂಜೆಕ್ಷನ್. ನೋವು ಇಳಿದರೆ ನಾಳೆ ಅದೇ ನರವನ್ನು ಸುಡುವುದು, ಇಳಿಯದಿದ್ದರೆ ಬೇರೆ ನರ ಹುಡುಕುವುದು ಎಂದು ಡಾಕ್ಟರ್ ಮೊದಲೇ ಬಿಡಿಸಿ ಹೇಳಿದ್ದರು. ಅವರು ಬರೆದುಕೊಳ್ಳಲು ಪೆನ್ನು ತೆಗೆದರು.

ಮಗಳು ಕುಮಾರಿ ತಾಯಿಯ ಕಿವಿಯ ಹತ್ತಿರ ಬಾಗಿದಳು. “ಅವ್ವಾ, ನಿಜ ಹೇಳು. ಬೇಗೂರಿನ ನೆಂಟ್ರ ಮನೇಲಿ ಸಾರು ಚೆನ್ನಾಗದೆ ಅಂದಂಗಲ್ಲ ಇದು.”

“ಸುಮ್ಕಿರಮ್ಮಿ. ಪಾಪ, ಅಷ್ಟೊತ್ತು ನಿಂತ್ಕಂಡು ಚುಚ್ಚವ್ರೆ. ಏನೂ ಆಗ್ನಿಲ್ಲ ಅಂದ್ರೆ ಬೇಜಾರು ಮಾಡ್ಕಳಕಿಲ್ವಾ?”

“ಅಂಗಾದ್ರೆ ಆ ಕಂಬಿ ಬುಡು, ನೋಡನ.”

ಸಣ್ಣತಾಯಮ್ಮ ಬಿಡಲು ನೋಡಿದರು. ಬೆರಳುಗಳು ಬಿಚ್ಚಲಿಲ್ಲ. ಕುಮಾರಿ ಸೆರಗು ಸರಿಸಿದಳು. ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತಿತು. ಇಬ್ಬರೂ ತನ್ನ ಕೈಯನ್ನೇ ನೋಡುತ್ತಿರುವಾಗ ಸಣ್ಣತಾಯಮ್ಮನಿಗೆ ಬೇರೆ ದಾರಿ ಉಳಿಯಲಿಲ್ಲ.

“ನಿಮ್ಮ ಕೈಗುಣ ಚೆನ್ನಾಗದೆ ಸಾಮಿ,” ಎಂದರು ಕಣ್ಣು ತಗ್ಗಿಸಿ. “ನೋವು ಮಾತ್ರ ಅಲ್ಲೇ ಅದೆ.”